ಜರ್ಮನಿ ಅರ್ಜಿಗೆ ನಾನಿಟ್ಟ ಕುಂಕುಮ

ಸಿಕ್ಕಿತು! ನಮ್ಮ ಸವಿತಾಗೆ ಜರ್ಮನಿಯಲ್ಲಿ ಇದ್ದು ಓದಲು ಪರವಾನಗಿ ಸಿಕ್ಕಿತು! ಇಂದು ಮಧ್ಯಾಹ್ನ ಅವಳ ಪಾಸ್‌ಪೋರ್ಟ್ ಅಂಚೆಯಲ್ಲಿ ಮರಳಿ ಬಂತು. ಒಳಗೆ ಒಂದು ಪುಟದ ತುಂಬ ಪರವಾನಗಿಯ ಚೀಟಿ ಅಂಟಿಸಿದ್ದಾರೆ. ಸುದ್ದಿ ಬಂದದ್ದೇ ತಡ, ಖಾನಾಪುರದ ನಮ್ಮ ಓಣಿಯಲ್ಲಿ ನಾನು ಹೇಳದೆ ಬಿಟ್ಟವರು ಯಾರೂ ಇಲ್ಲ. ಹಾಲಿನವನಿಗೆ ಹೇಳಿದೆ. ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂತ ಅವನ ಎಮ್ಮೆಗೂ ಹೇಳಿದೆ!

ಸವಿತಾ ನನ್ನ ಮೊಮ್ಮಗಳು. ನನ್ನ ಮಗ ಬಸವರಾಜ ಬೆಳಗಾವಿಯ ಆಟೋ ನಗರದಲ್ಲಿ ಲೇಥ್ ಮಷೀನ್ ಇಟ್ಟುಕೊಂಡಿದ್ದಾನೆ. ಮನೆ ಹಿಂದವಾಡಿಯಲ್ಲಿ. ಹುಡುಗಿ ಸಣ್ಣವಳಿದ್ದಾಗಿನಿಂದ ಅಪ್ಪನ ಬೆನ್ನು ಹತ್ತಿ ಹೋಗಿ ಕಬ್ಬಿಣದ ರುಚಿ ಹತ್ತಿಸಿಕೊಂಡಳು. ಇಂಜಿನಿಯರಿಂಗ್ ಮುಗಿಸಿದಳು. ಈಗ ಲೋಹ ಕರಗಿಸಿ ಎರಕ ಹೊಯ್ಯುವ ವಿದ್ಯೆಯನ್ನು ಜರ್ಮನಿಯವರ ಹತ್ತಿರ ಇನ್ನೂ ಹೆಚ್ಚು ಕಲಿಯುತ್ತಾಳಂತೆ. ನಾನು ಕಲಿತದ್ದು ಮೂರನೇ ಇಯತ್ತೆ. ಅದರ ಮೇಲೆ ನಮ್ಮಪ್ಪ "ಸಾಕು" ಅಂದ. ನನಗೆ ಸಾಕಾಗಿರಲಿಲ್ಲ. ಆದರೆ ಯಾರು ಕೇಳಿದರು?

ಇರಲಿ. ಈ ಪರವಾನಗಿ ಸಿಕ್ಕಿದ್ದರಲ್ಲಿ ನನ್ನ ಕೈವಾಡವೂ ಇದೆ. ನಾನು ಕೈ ಹಾಕದಿದ್ದರೆ ಇನ್ನೂ ಸುಲಭವಾಗಿ ಸಿಗುತ್ತಿತ್ತು ಎಂಬುದು ಮನೆಯವರ ಅಭಿಪ್ರಾಯ.

ನಡೆದದ್ದು ಹೀಗೆ. ಸವಿತಾ ಅರ್ಜಿಯನ್ನು ಚೆನ್ನೈನ ಜರ್ಮನಿ ಕಚೇರಿಗೆ ಹೋಗಿ ಕೊಡಬೇಕಿತ್ತು. ಅಂದು ಸಂಜೆ ಬೆಳಗಾವಿಯಿಂದ ಬಸ್ಸು. ಆ ಬಸ್ಸು ತಪ್ಪಿದರೆ ಅಲ್ಲಿಯವರು ಕೊಟ್ಟ ದಿನ ತಪ್ಪುತ್ತದೆ, ದಿನ ತಪ್ಪಿದರೆ ಕಾಲೇಜು ಶುರುವಾಗುವ ಹೊತ್ತಿಗೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದಿದ್ದರೆ ಜರ್ಮನಿಯೂ ಇಲ್ಲ. ಅವಳು ಹುಟ್ಟಿದ್ದು ಖಾನಾಪುರದಲ್ಲಿ. ಹೀಗಾಗಿ ಜನನದ ದಾಖಲೆ ತೆಗೆದುಕೊಳ್ಳಲು ಬೆಳಿಗ್ಗೆಯೇ ನಮ್ಮಲ್ಲಿಗೆ ಬಂದಳು. ಕೈಯಲ್ಲಿದ್ದ ಲಕೋಟೆಯನ್ನು ದೇವರ ಜಗಲಿಯ ಮೇಲಿಟ್ಟು ನನಗೆ ಹೇಳಿದಳು:

"ಆಯಿ, ಇದರಾಗ ಅರ್ಜಿ ಐತಿ, ಫೋಟೊ ಅದಾವ. ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ."

"ಯಾರ ಮುಟ್ಟತಾರವ್ವಾ? ನಾ ಇಲ್ಲೇ ಕುಂತೀನಲ್ಲ!" ಅಂದೆ.

ಯಾರೂ ಅಂದರೆ ಹೊರಗಿನವರು ಎಂದು ನಾನು ತಿಳಿದೆ.

ನಮ್ಮ ಮನೆಗೆ ಹೊಸ ಹೊಲಿಗೆ ಯಂತ್ರ ಬಂದಾಗ ಕುಂಕುಮ ಹಚ್ಚಿದ್ದೇನೆ. ಮಗನ ಲೇಥ್ ಮಷೀನಿಗೆ ಹಚ್ಚಿದ್ದೇನೆ. ಇಷ್ಟು ದೊಡ್ಡ ಕೆಲಸದ ಅರ್ಜಿಯನ್ನು ಹಾಗೇ ಕಳಿಸಲು ಬರುತ್ತದೆಯೇ? ಒಂದು ಮೂಲೆಗೆ ಬೊಟ್ಟು ತಾಗಿಸಿದರಾಯಿತು ಎಂದು ಲಕೋಟೆ ಬಿಚ್ಚಿದೆ. ಫೋಟೊಗಳು ಕೈಗೆ ಬಂದವು.

ನೋಡುತ್ತೇನೆ, ನಾಲ್ಕೂ ಫೋಟೊದಲ್ಲಿ ಹುಡುಗಿಯ ಹಣೆ ಖಾಲಿ!

ಕನ್ಯೆ ಹುಡುಗಿ, ದೂರದೇಶಕ್ಕೆ ಹೊರಟವಳು, ಬರೀ ಹಣೆ! ಜರ್ಮನಿಯವರು ಏನೆಂದುಕೊಂಡಾರು? ಈ ಹುಡುಗಿಗೆ ಮನೆಯಲ್ಲಿ ಹಿರಿಯರಿಲ್ಲವೇ ಎಂದು ಕೇಳಿದರೆ ಏನು ಉತ್ತರ ಕೊಡುವುದು? ಉಂಗುರದ ಬೆರಳನ್ನು ನೀರಲ್ಲಿ ಅದ್ದಿ, ಕುಂಕುಮಕ್ಕೆ ತಾಗಿಸಿ, ನಾಲ್ಕೂ ಹಣೆಗೆ ಚೆಂದಾಗಿ ಇಟ್ಟೆ. ಕಳೆ ಬಂತು! ನನಗೇ ನನ್ನ ಮೇಲೆ ಅಭಿಮಾನ ಬಂತು.

ಕುಂಕುಮಕ್ಕೆ ಅಭಿಮಾನ ಇರಲಿಲ್ಲ. ಅದು ಹರಿಯಿತು. ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ. ನೋಡನೋಡುತ್ತ ನನ್ನ ಮೊಮ್ಮಗಳು ಯಾರ ಜೊತೆಗೋ ಬಡಿದಾಡಿ ಬಂದವಳಂತೆ ಕಂಡಳು!

ಸೆರಗಿನಿಂದ ಒರೆಸಿದೆ. ಮುಖವೆಲ್ಲ ಕೆಂಪಾಯಿತು. ನೀರು ಹಚ್ಚಿ ತಿಕ್ಕಿದೆ. ಬಣ್ಣ ಮೆತ್ತಗಾಗಿ ಮುದ್ದೆಯಾಯಿತು. ಅಷ್ಟರಲ್ಲಿ ನಮ್ಮ ಯಜಮಾನರು ಒಳಗೆ ಬಂದರು.

"ಏನ ನಡಸೀದಿ?"

"ಸವಿತಾನ ಮಾರಿ ತೊಳ್ಯಾಕತ್ತೀನಿ!"

ಅವರು ಫೋಟೊ ನೋಡಿದರು. ಮಗನ ವರ್ಕ್‌ಶಾಪಿನಲ್ಲಿ ಕುಳಿತೆದ್ದ ಅನುಭವಸ್ಥರಲ್ಲವೇ, ಗಂಭೀರವಾಗಿ ಸಲಹೆ ಕೊಟ್ಟರು: "ನೀರಿಗೆ ಹೋಗೂದಿಲ್ಲದು. ಸೀಮಿಎಣ್ಣಿ ಹಚ್ಚು. ಎಂಥಾ ಕಲಿ ಇದ್ರೂ ಬಿಡತೈತಿ."

ಹಚ್ಚಿದೆ. ಕಲೆ ಬಿಡಲಿಲ್ಲ. ಮೂಗು ಬಿಟ್ಟಿತು!

ನಾಲ್ಕು ಸವಿತಾಗಳು, ಒಬ್ಬಳಿಗೂ ಮೂಗಿಲ್ಲ. ಆಗ ಟ್ರಂಕಿನಲ್ಲಿ ಬೇರೆ ಫೋಟೊಗಳಿರುವುದು ನೆನಪಾಯಿತು. ಹೋದ ವರ್ಷ ವರ ನೋಡಲೆಂದು ಸವಿತಾಗೆ ರೇಷ್ಮೆ ಸೀರೆ ಉಡಿಸಿ, ಅರಮನೆ ಬರೆದ ಪರದೆಯ ಮುಂದೆ ಕೂಡಿಸಿ ತೆಗೆಸಿದಂಥವು. ಅವಳು ಸಿಟ್ಟಾದಾಗ "ಹರದ ಹಾಕೀನಿ" ಎಂದು ಹೇಳಿದ್ದೆ. ರೇಷ್ಮೆ ಸೀರೆಯ ಫೋಟೊ ಹರಿಯಲು ಯಾರಿಗೆ ಮನಸ್ಸು ಬಂದೀತು?

ಕತ್ತರಿ ತಂದೆ. ಯಜಮಾನರು ಹಿಡಿದರು, ನಾನು ಕತ್ತರಿಸಿದೆ. ಹಣೆಗೆ ಕುಂಕುಮ, ಕಿವಿಗೆ ಜುಮಕಿ, ತಲೆಗೆ ಮಲ್ಲಿಗೆ ದಂಡೆ! ಒಂದರಲ್ಲಿ ಕಿವಿಯ ಪಕ್ಕ ಅರಮನೆಯ ಕೊಳದ ಹಂಸದ ಕೊಕ್ಕು ಉಳಿಯಿತು. "ಇರಲಿ ಬಿಡ, ಲಕ್ಷಣ ಐತಿ" ಅಂದರು. ಉಪಕಾರ ಮಾಡುವುದಾದರೆ ಪೂರ್ತಿ ಮಾಡಬೇಕೆಂದು ಅನ್ನದ ಅಗಳು ತಿಕ್ಕಿ ಕೊಕ್ಕಿನದನ್ನೇ ಅರ್ಜಿಗೆ ಅಂಟಿಸಿಯೂ ಬಿಟ್ಟೆ!

ಸವಿತಾ ದಾಖಲೆ ಹಿಡಿದು ಓಡುತ್ತ ಬಂದಳು, ಲಕೋಟೆ ಎತ್ತಿಕೊಂಡಳು. ಕಳಿಸಿ ಬರಲು ನಾವಿಬ್ಬರೂ ಜೊತೆಗೆ ಹೊರಟೆವು. ಬಸ್ಸಿನಲ್ಲಿ ನನಗೆ ಸಂತೋಷವೋ ಸಂತೋಷ. ಬೆಳಗಾವಿಯ ಅಂಚಿನ ಪೀರನವಾಡಿ ಹತ್ತಿರ ಬಂದಾಗ, ದಾಖಲೆಯನ್ನು ಒಳಗಿಡಲೆಂದು ಅವಳು ಲಕೋಟೆ ಬಿಚ್ಚಿದಳು.

"ಆಯೀ! ಈಕಿ ಯಾರು?"

ಇಡೀ ಬಸ್ಸು ತಿರುಗಿ ನೋಡಿತು. ಪಕ್ಕದಲ್ಲಿದ್ದ ಮರಾಠಿ ಬಾಯಿಯೊಬ್ಬಳು ಕತ್ತು ಚಾಚಿ, "ಅಗಂ ಬಾಈ, ಹೀ ತರ ನವರೀ ದಿಸತೇ!" ಅಂದಳು. ಮದುಮಗಳ ಹಾಗೆ ಕಾಣುತ್ತಾಳೆ ಅಂತ! ಬೇರೆ ಹೊತ್ತಿನಲ್ಲಾದರೆ ಅವಳಿಗೆ ಚಹಾ ಕುಡಿಸುತ್ತಿದ್ದೆ.

ಸವಿತಾಳ ಮುಖ ಬಿಳುಪಾಯಿತು. "ನನ್ನ ಕಳಸೂ ಮನಸಿಲ್ಲಂದ್ರ ಬಾಯಿಬಿಟ್ಟ ಹೇಳಬೇಕಿಲ್ಲ, ಆಯಿ? ಮದುವಿ ಫೋಟೊ ಅಂಟಿಸಿ ನನ್ನ ಅರ್ಜಿ ಕೆಡಸೂದೇನು?"

ಸಿಡಿಲು ಬಡಿದಂತಾಯಿತು. ನಾನು ಹೀಗೆ ಮಾಡಿಯೇನು ಎಂದು ಈ ಹುಡುಗಿಗೆ ಅನಿಸಿತಲ್ಲ!

"ಸಾಲಿ ಬಿಡಿಸಿಕೊಂಡಾಕಿ ನಾನು, ಸವಿ. ನಿನ್ನ ಸಾಲಿ ನಾ ಬಿಡಸ್ತೀನೇನವ್ವಾ?" ಅಂದೆ. "ಹಣಿ ಖಾಲಿ ಇತ್ತು. ಕುಂಕುಮ ಇಟ್ಟೆ. ಅದು ಹರೀತು."

"ಎಲ್ಲಿ ಇಟ್ಟಿ?"

ಯಜಮಾನರು ಅಂಗಿಯ ಕಿಸೆಯಿಂದ ಮೂಗಿಲ್ಲದ ನಾಲ್ವರನ್ನು ತೆಗೆದು ತೋರಿಸಿದರು. ಸೀಮೆಎಣ್ಣೆಯ ವಾಸನೆ ಬಸ್ಸೆಲ್ಲ ಹಬ್ಬಿತು.

ಸವಿತಾ ಫೋಟೊ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೊ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು! ಕಂಡಕ್ಟರ್ ಒಬ್ಬನಿಗೇ ಬುದ್ಧಿ ನೆಟ್ಟಗಿತ್ತು. "ನಗೂದ ಆಮ್ಯಾಲ ಮಾಡ್ರೀ ಅಕ್ಕಾರ! ಹೊಸಾ ಫೋಟೊ ತೆಗಸಾಕ ಇಲ್ಲೇ ಇಳದ ಆಟೋ ಹಿಡೀರಿ. ಬಸ್ಸಿನ್ಯಾಗ ಕುಂತ್ರ ಸ್ಟ್ಯಾಂಡ ಸುತ್ತಾಕಿ ಬರಬೇಕಾಗತೈತಿ!" ಎಂದು ಸೀಟಿ ಊದಿದ.

ಆಟೋದಲ್ಲಿ, ಸವಿತಾ ಮೊದಲು ಫೋಟೊ ತೆಗೆಸಿದ್ದ ಹಿಂದವಾಡಿಯ ಅಂಗಡಿಗೇ ಹೋದೆವು. ಅಲ್ಲಿ ಕರೆಂಟ್ ಇಲ್ಲ!

"ಚಿಂತಿ ಮಾಡಬ್ಯಾಡ್ರಿ," ಅಂದ ಫೋಟೊದವನು. "ಒಮ್ಮಿ ಒತ್ತಿದ್ರ ನಾಕ ಫೋಟೊ ಕೈಗೇ ಬರೂ ಕ್ಯಾಮರಾ ಐತಿ. ಬೆಳಕಿಗೆ ಹೊರಗ ನಿಲ್ರಿ. ಆದ್ರ ಎರಡ ಸಲಕ್ಕ ಆಗೂವಷ್ಟ ಫಿಲ್ಮ ಉಳದೈತಿ."

ಹಿಂದೆ ಬಿಳಿ ಬಣ್ಣ ಬೇಕಂತೆ. ಯಜಮಾನರು ಹೆಗಲ ಮೇಲಿನ ಶಲ್ಯವನ್ನು ಬಿಚ್ಚಿ ಪರದೆಯಂತೆ ಹಿಡಿದು ನಿಂತರು. ಸವಿತಾ ಅದರ ಮುಂದೆ ಕುಳಿತಳು. ನಾನು ಬಾಜೂಕೆ ಕೈಕಟ್ಟಿ ನಿಂತೆ. ಹಣೆ ಖಾಲಿ ಇರಬೇಕೆಂಬುದು ಜರ್ಮನಿಯವರ ಕಾಯ್ದೆಯೇ ಇದ್ದೀತು, ಇನ್ನು ಏನೂ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಬಸವಣ್ಣನ ಆಣೆ ಮಾಡಿದೆ.

ಆದರೆ ಹಣೆ ಖಾಲಿ ಇತ್ತು!

ಅವನು ಗುಂಡಿ ಒತ್ತುವುದಕ್ಕೂ, ನಾನು ಸೊಂಟದ ಕುಂಕುಮದ ಡಬ್ಬಿ ತೆಗೆದು ಕೈ ಚಾಚುವುದಕ್ಕೂ ಸರಿಹೋಯಿತು. ಹೊರಬಂದ ನಾಲ್ಕೂ ಫೋಟೊದಲ್ಲಿ ಸವಿತಾಳ ಮುಖದ ಮೇಲೆ ನನ್ನ ಹಸ್ತ. ಹಸಿರು ಬಳೆ ಸಮೇತ!

"ಏ ಇವಳ!" ಎಂದು ಶಲ್ಯದ ಹಿಂದಿನಿಂದ ಯಜಮಾನರು ಕೂಗಿದರು.

ಫೋಟೊದವನು ಕೈ ಮುಗಿದ. "ಆಯಿ, ಕುಂಕುಮ ಹಚ್ಚೂದಿದ್ರ ಮೊದಲ ಹಚ್ಚಿಬಿಡ್ರಿ ಮತ್ತ! ಬ್ಯಾಡ ಅಂದವ್ರ ಯಾರು?"

"ಹಂಗಾದ್ರ ಮೊದಲಿನ ಫೋಟೊದಾಗ?"

"ಅವತ್ತ ಇವ್ರ ಹಣಿಗೆ ಅಂಟಿಸಿದ್ದ ಟಿಕಳಿ ಬೆವರಿಗೆ ಉಚ್ಚಿ ಬಿದ್ದಿತ್ತು. ನಾವ ಯಾರೂ ನೋಡ್ಲಿಲ್ಲ."

ಇಷ್ಟೇ! ಬೆವರಿಗೆ ಟಿಕಳಿ ಬಿದ್ದದ್ದನ್ನು ನಾನು ಜರ್ಮನಿ ದೇಶದ ಕಾಯ್ದೆ ಎಂದು ತಿಳಿದಿದ್ದೆ!

ಸವಿತಾ ಹಣೆ ಮುಂದೆ ಮಾಡಿದಳು. ಹಚ್ಚಿದೆ. ಆಮೇಲೆ ಯಜಮಾನರು ಎರಡೂ ಕೈಯಲ್ಲಿ ಶಲ್ಯ ಹಿಡಿದವರು ಒಂದು ಕಾಲು ಚಾಚಿ ನನ್ನ ಸೀರೆಯ ಅಂಚನ್ನು ತುಳಿದು ನಿಂತರು. ನಾನು ಮುಂದೆ ಹೋಗದಂತೆ! ಫೋಟೊ ಬಂತು. ಅರ್ಜಿಗಂಟಿದ್ದ ಮದುಮಗಳನ್ನು ಕಿತ್ತರೆ ಕೊಕ್ಕಿನ ಹತ್ತಿರ ಅರ್ಜಿಯೇ ಹರಿಯಿತು. ಅನ್ನದ ಅಂಟು, ಸುಮ್ಮನೆಯೇ? ಹರಿದದ್ದರ ಮೇಲೆ ಹೊಸದನ್ನು ಅಂಟಿಸಿದರು. ಬಸವರಾಜ ಸ್ಕೂಟರಿನಲ್ಲಿ ಬಂದು ಮಗಳನ್ನು ಹೊರಟ ಬಸ್ಸಿಗೆ ಹತ್ತಿಸಿದ.

ಅಂದಿನಿಂದ ಇಂದಿನವರೆಗೆ, ಆ ಹರಿದ ಮೂಲೆಗಾಗಿ ಅರ್ಜಿ ಮರಳಿ ಬಂದೀತೆಂದು ನಾನು ನೆಟ್ಟಗೆ ಊಟ ಮಾಡಿದ್ದಿಲ್ಲ.

ಇಂದು ಸಂಜೆ ನಾವೂ ಬೆಳಗಾವಿಗೆ ಬಂದು, ಹಿಂದವಾಡಿಯ ಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಸೊಸೆ ಸುನಂದಾ ಹೋಳಿಗೆ ಮಾಡಿದ್ದಳು. ಎರಡನೇ ಹೋಳಿಗೆಗೆ ತುಪ್ಪ ಬೀಳುವಾಗ ಸವಿತಾ ಮೆಲ್ಲಗೆ ಹೇಳಿದಳು: "ಆಯಿ, ಈ ಚೀಟಿ ಮೂರ ತಿಂಗಳಿಗಷ್ಟ. ಅಲ್ಲಿ ಮುಟ್ಟಿದ ಮ್ಯಾಲ ಪೂರಾ ವಾಸದ ಪರವಾನಗಿಗೆ ಮತ್ತ ಅರ್ಜಿ ಹಾಕಬೇಕು. ಮತ್ತ ಫೋಟೊ ಕೊಡಬೇಕು."

ತುತ್ತು ಕೈಯಲ್ಲೇ ನಿಂತಿತು. "ಮತ್ತ? ಅಲ್ಲಿ ಯಾರವ್ವಾ ನಿನಗ ಸಹಾಯ ಮಾಡಾವ್ರು?"

"ಯಾರೂ ಇಲ್ಲ."

"ಹಂಗಾದ್ರ ಖಂಡಿತ ಸಿಗತೈತಿ!" ಅಂದರು ಯಜಮಾನರು.

ಎಲ್ಲರೂ ನಕ್ಕರು. ಸುನಂದಾಳಿಗೆ ನೆತ್ತಿಗೇರಿತು. ಬಸವರಾಜ ನೀರು ಕೊಡಲು ಹೋಗಿ ತಾನೇ ಚೆಲ್ಲಿದ. ನಾನೂ ನಕ್ಕೆ. ಏನು ಮಾಡಲಿ, ಮಾತು ಖರೇ ಇತ್ತು! ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.