ಎಲ್ಲರಿಗೂ ಗೊತ್ತಿದ್ದ ವೈವಾ

ನನ್ನ ದಿನಚರಿಯ ಯುಗಾದಿ ಮರುದಿನದ ಪುಟದಲ್ಲಿ ಹೀಗಿದೆ: 'ಸೊಸೆ ಒಂದು ಗುಟ್ಟು ಹೇಳಿದಳು. ಯಾರಿಗೂ ಹೇಳಬಾರದು.' ನಮ್ಮ ಚಾಮರಾಜಪುರಂ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ.

ಆರು ವರ್ಷದ ಓದು

ಸೊಸೆ ತರ್ಕಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನೂ ಬಿ.ಎಸ್ಸಿ. ಓದಿದವಳೇ, ವಿಷಯ ಏನೆಂದು ಕೇಳಿದೆ.

"ಅತ್ತೆ, ಒಂದು ಸಂಗತಿ ಗುಂಪಲ್ಲಿ ಎಲ್ಲರಿಗೂ ಗೊತ್ತಿರಬಹುದು. ಆದ್ರೆ ಎಲ್ಲರಿಗೂ ಗೊತ್ತು ಅನ್ನೋದು ಎಲ್ಲರಿಗೂ ಗೊತ್ತಿರಬೇಕು ಅಂತೇನಿಲ್ಲ."

"ಇದಕ್ಕೆ ಆರು ವರ್ಷ ಬೇಕಾ? ನನ್ನ ಓರಗಿತ್ತಿಯರ ಜೊತೆ ಒಂದು ಮದುವೆಮನೇಲಿ ಕೂತಿದ್ರೆ ಸಾಕಿತ್ತು ಕಣಮ್ಮ!"

ಗುಟ್ಟು

ಗುಟ್ಟು ಇಷ್ಟೇ: ಗುರುವಾರ ವೈವಾ, ಪರೀಕ್ಷಕರ ಮುಂದೆ ಕೊನೆಯ ಪ್ರಶ್ನೋತ್ತರ. ಯಾರು ಬೇಕಾದರೂ ಹೋಗಿ ಕೂರಬಹುದು. "ಮನೆಯವರಿದ್ರೆ ನನಗೆ ಬಾಯಿ ಕಟ್ಟುತ್ತೆ. ನಿಮಗೊಬ್ಬರಿಗೇ ಹೇಳಿದೀನಿ, ಬರಬೇಡಿ" ಎಂದಳು.

ನಾನು ಯಜಮಾನರಿಗೆ ಮಾತ್ರ ಹೇಳಿದೆ. "ಹೌದಾ! ಗೊತ್ತೇ ಇರಲಿಲ್ಲ ಕಣೇ" ಎಂದರು. ಆಮೇಲೆ ತಿಳಿಯಿತು, ಸೊಸೆ ತನ್ನ ಗಂಡನಿಗೂ 'ನಿಮಗೊಬ್ಬರಿಗೇ' ಎಂದಿದ್ದಳಂತೆ. ಅವನು ಅಪ್ಪನಿಗೆ ಮಾತ್ರ ಹೇಳಿದ್ದನಂತೆ. ಹೀಗೆ ಯಜಮಾನರಿಗೆ ಎರಡು ಸಲ ಗೊತ್ತಾಯಿತು. ಎರಡು ಸಲವೂ ಆಶ್ಚರ್ಯಪಟ್ಟರು.

ಗುರುವಾರದ ತಿಂಡಿ

ತಿಂಡಿ ತಿನ್ನುತ್ತಾ ಸೊಸೆ "ಲೈಬ್ರರಿಗೆ" ಎಂದಳು. ಯಜಮಾನರು ಕೋಟು ತೊಟ್ಟು, "ಬ್ಯಾಂಕಿಗೆ" ಎಂದರು. ಮಗ, "ಇಲವಾಲದಲ್ಲಿ ಸೈಟು ನೋಡ್ಬೇಕು" ಎಂದ. ನಾನು ರೇಷ್ಮೆ ಸೀರೆಯುಟ್ಟು "ದೇವಸ್ಥಾನಕ್ಕೆ" ಎಂದೆ. ಯಾವ ದೇವಸ್ಥಾನ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ತಮ್ಮನ್ನೂ ಕೇಳುತ್ತಾರಲ್ಲ!

ಕೊನೆಯ ಸಾಲು

ಸಭಾಂಗಣದ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಪಕ್ಕದಲ್ಲೊಂದು ದಿನಪತ್ರಿಕೆ, ಅದರ ಹಿಂದೆ ಪರಿಚಯದ ಕೋಟು. ಆಚೆ ತುದಿಯಲ್ಲಿ ಮಾಸ್ಕ್ ಹಾಕಿದ ಮಗ.

ಸೊಸೆ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದಳು. ಆಗ ಪರೀಕ್ಷಕರು, "ಸೂತ್ರ ಸಾಕು. ದಿನನಿತ್ಯದ ಒಂದು ಉದಾಹರಣೆ ಕೊಡಿ" ಎಂದರು. ಅವಳು ತಲೆಯೆತ್ತಿದಳು, ನಮ್ಮನ್ನು ಕಂಡಳು. ಬಾಯಿ ಕಟ್ಟಿತು. ನೀರು ಕುಡಿದಳು. ಆರು ವರ್ಷದ ಓದನ್ನು ನಾವೇ ಮುಳುಗಿಸಿದೆವಲ್ಲ ಎಂದುಕೊಂಡೆ.

ಲೋಟ ಕೆಳಗಿಟ್ಟು ಹೇಳಿದಳು: "ಸರ್, ಕೊನೇ ಸಾಲು ನೋಡಿ. ನಮ್ಮತ್ತೆ, ನಮ್ಮ ಮಾವ, ನಮ್ಮ ಯಜಮಾನರು. ಇವತ್ತು ವೈವಾ ಅಂತ ಮೂವರಿಗೂ ಗೊತ್ತು. ಮೂವರೂ ಗೊತ್ತಿಲ್ಲದ ಹಾಗೆ ಮನೆ ಬಿಟ್ಟಿದಾರೆ. ಈಗ ನಾನು ಎಲ್ಲರೆದುರಿಗೆ ಹೇಳಿಬಿಟ್ಟೆ. ಇನ್ಮೇಲೆ, ಎಲ್ಲರಿಗೂ ಗೊತ್ತು ಅನ್ನೋದು ಎಲ್ಲರಿಗೂ ಗೊತ್ತು."

ಸಭೆ ಗೊಳ್ಳೆಂದಿತು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಡಾಕ್ಟರ್ ಅಮ್ಮಾ, ನಿಮ್ಮ ಎರಡನೇ ಅಧ್ಯಾಯ ನನಗೆ ಈಗ ಅರ್ಥವಾಯಿತು" ಎಂದರು. ಮನೆಯಲ್ಲಿ ಅವಳನ್ನು ಡಾಕ್ಟರ್ ಎಂದು ಮೊದಲು ಕರೆದವಳು ನಾನೇ, ಅದನ್ನೂ ಬರೆದಿಟ್ಟಿದ್ದೇನೆ.

ಒಟ್ಟು ತಗುಲಿದ್ದು: ಒಂದೇ ಗೇಟಿನಿಂದ ಒಂದೇ ಜಾಗಕ್ಕೆ ಮೂರು ಆಟೋ, ಒಬ್ಬರಿಗೊಬ್ಬರು ಹೇಳದೆ ಮುಂಚೆಯೇ ತಂದಿಟ್ಟಿದ್ದ ಮೂರು ಕೆಜಿ ಮೈಸೂರು ಪಾಕು.