ಪೂಜೆಯಾದ ಕಮೋಡು

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಗುಂಡ್ಲುಪೇಟೆಯಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟ ಮೊದಲಿಗನೂ ನಾನೇ. ಆದ್ದರಿಂದ ಕಂಟ್ರಾಕ್ಟರ್ ಸಿದ್ದರಾಜು, "ಬಚ್ಚಲ ಸಾಮಾನೆಲ್ಲ ನಾನೇ ತರ್ತೀನಿ ಬುಡಿ ಸಾರ್" ಎಂದಾಗ ಗಂಭೀರವಾಗಿ ತಲೆಯಾಡಿಸಿದೆ.

"ಬೇಡ. ನಲ್ಲಿ, ಬೇಸಿನ್ನು, ಕಮೋಡು ಎಲ್ಲ ನಾನೇ ಆರಿಸಿ ತರ್ತೀನಿ. ನೀವು ಕೂರಿಸಿಕೊಟ್ರೆ ಸಾಕು."

ಓದಿದವನ ಆಯ್ಕೆಯೇ ಬೇರೆ ತಾನೆ!

ಕಮೋಡಿಗೆ ಕಾರಣವಿತ್ತು. ಅಪ್ಪನ ಮಂಡಿ ಮಡಚುತ್ತಿರಲಿಲ್ಲ. ಬೆಳಗಾಗೆದ್ದು ದೊಣ್ಣೆ ಊರಿಕೊಂಡು ಹೊಲದ ಕಡೆ ಹೋದರೆ, ಬೇಲಿಯ ಕಂಬ ಹಿಡಿದು ಮೇಲೇಳುವುದೇ ಒಂದು ಸಾಹಸ. ಒಮ್ಮೆ ಬಿದ್ದೂ ಇದ್ದರು. ಗೃಹಪ್ರವೇಶದ ಹೊತ್ತಿಗೆ ಅವರನ್ನು ಕುರ್ಚಿಯ ಮೇಲೆ ಕೂತಂತೆ ಕೂರಿಸಿಯೇ ತೀರುವೆನೆಂದು ಪಣ ತೊಟ್ಟಿದ್ದೆ.

ಕಮೋಡು ಒಣಹುಲ್ಲು, ಗೋಣಿತಾಟು ಸುತ್ತಿಕೊಂಡು ಮೈಸೂರಿನಿಂದ ಬಸ್ಸಿನ ಟಾಪಿನ ಮೇಲೆ ಬಂತು. ಬಸ್‌ಸ್ಟ್ಯಾಂಡಿನಿಂದ ಮನೆವರೆಗೆ ಎತ್ತಿನಗಾಡಿ. ದಾರಿಯುದ್ದಕ್ಕೂ "ಏನ್ ಸಾರ್ ಅದು?" ಎಂದು ಕೇಳುವವರೇ. ಕಕ್ಕಸು ಎನ್ನಲು ಪದವೀಧರನ ನಾಲಿಗೆ ಹೊರಳಲಿಲ್ಲ. "ಪಿಂಗಾಣಿ ಸಾಮಾನು" ಎಂದೆ. ಅವ್ವನಿಗೂ ಅಷ್ಟೇ ಹೇಳಿ, ಹೊಸ ಮನೆಯ ಹಜಾರದಲ್ಲಿ ಇಳಿಸಿ, ಸಿದ್ದರಾಜುವನ್ನು ಕರೆತರಲು ಹೋದೆ.

ಎಡವಟ್ಟಾಗಿದ್ದು ಅಲ್ಲೇ. ಸೈಕಲ್ ಬರಲಿ, ಪಂಪ್‌ಸೆಟ್ ಬರಲಿ, ಪೂಜೆಯಾಗದೆ ಅವ್ವ ಯಾರಿಗೂ ಮುಟ್ಟಗೊಡುವವಳಲ್ಲ. ನಾವು ಬರುವಷ್ಟರಲ್ಲಿ ಕಮೋಡಿನ ಮೈಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಎದುರುಮನೆ ಗೌರಮ್ಮ ಆರತಿ ಎತ್ತುತ್ತಿದ್ದರು. ಅಪ್ಪ ಕಾಯಿ ಒಡೆದು, ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು.

"ಬಲು ಲಕ್ಷಣವಾಗದೆ ಕಣಪ್ಪ" ಎಂದರು ಗೌರಮ್ಮ. "ನೀರು ತುಂಬಿ ಹೂವು ತೇಲಿಬುಡೋಕಾ?"

ಸಿದ್ದರಾಜು ನನ್ನ ಮುಖ ನೋಡಿದ. ನಾನು "ಹೂಂ" ಎಂದುಬಿಟ್ಟೆ.

ಮುಂದಿನ ವಾರ ಕಮೋಡು ಸಿಮೆಂಟಿನಲ್ಲಿ ಭದ್ರವಾಗಿ ಕೂತಿತು. ಅಪ್ಪನನ್ನು ಕರೆದು ತೋರಿಸಿ, ಅದರ ಉಪಯೋಗವನ್ನು ವಿವರಿಸಿದೆ. ಅವರು ಹಿಂದೆ ಸರಿದರು.

"ಅದಕ್ಕೆ ಕೈಮುಗ್ದಿವ್ನಿ ಕಣ್ಲಾ. ಮ್ಯಾಲೆ ಹೆಂಗ್ಲಾ ಕೂರದು?"

"ಸೈಕಲ್‌ಗೂ ಪೂಜೆ ಮಾಡ್ತೀರ. ಅದರ ಮೇಲೆ ಕೂರಲ್ವಾ?"

"ಸೈಕಲ್ ಮ್ಯಾಲೆ ಕುಂತು ಮಾಡೋ ಕೆಲ್ಸವೇ ಬ್ಯಾರೆ." ದೊಣ್ಣೆ ಹಿಡಿದು ಹೊಲದತ್ತ ಹೊರಟೇಬಿಟ್ಟರು.

ಪರಿಹಾರ ಹೇಳಿದವಳು ಅವ್ವ. "ಗಣಪತಿ ಬುಡೋವಾಗ ಒಂದ್ಸಲ ಕದಲಿಸ್ತೀವಲ್ಲ, ಆಮ್ಯಾಕೆ ಅದು ಬರೀ ಮಣ್ಣು. ಇದನ್ನೂ ಒಸಿ ಕದಲಿಸ್ಬುಡು."

ಸಿಮೆಂಟು ಹಾಕಿದ ಕಮೋಡನ್ನು ಒಸಿ ಕದಲಿಸುವುದು! ಸಿದ್ದರಾಜು ಉಳಿ, ಸುತ್ತಿಗೆ ಹಿಡಿದು ಬಂದ.

"ಸಾಮಾನು ನಿಮ್ದು ಸಾರ್. ಒಡದೋದ್ರೆ ನನ್ನ ಕೇಳಂಗಿಲ್ಲ."

"ಧೈರ್ಯವಾಗಿ ಹೊಡೀರಿ" ಎಂದೆ.

ಧೈರ್ಯವಾಗಿಯೇ ಹೊಡೆದ. ಕಮೋಡು ಕದಲಿತು. ಅರ್ಧ ಒಂದು ಕಡೆಗೆ, ಇನ್ನರ್ಧ ಮತ್ತೊಂದು ಕಡೆಗೆ.

ಇನ್ನೊಂದನ್ನು ತರಲು ಮೈಸೂರಿಗೆ ಹೊರಟಾಗ ಹೆಂಡತಿ ಬಾಗಿಲಲ್ಲಿ ತಡೆದಳು. "ರೀ, ಈ ಸಲನಾದ್ರೂ ಏನೂಂತ ಬಾಯ್ಬಿಟ್ಟು ಹೇಳಿ. ನಾಚ್ಕೊಂಡ್ರೆ ಇದಕ್ಕೂ ಮಂಗಳಾರತಿನೇ."

ಹೇಳಿದೆ. ಗಾಡಿಯ ಮುಂದೆ ನಡೆಯುತ್ತಾ ಕೇಳಿದವರಿಗೂ ಕೇಳದವರಿಗೂ ಹೇಳಿದೆ. "ಕಕ್ಕಸು. ಕೂತ್ಕೊಳೋ ಕಕ್ಕಸು. ನಮ್ಮಪ್ಪಂಗೆ." ಗೌರಮ್ಮನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದೆ. ಅವರು ಎತ್ತಿಕೊಂಡಿದ್ದ ಆರತಿ ತಟ್ಟೆಯನ್ನು ಒಳಗಿಟ್ಟು ಬಂದರು.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆ ಅಪ್ಪ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಬಾಗಿಲ ಬಳಿ ನಿಂತೆ. ಹಾಲು ತರಲು ಹೊರಟವರು, ನೀರಿಗೆ ಹೊರಟವರು, ಬೀದಿಯ ಅರ್ಧ ಜನ ನಮ್ಮ ಜಗಲಿಯ ಮುಂದೆ ನಿಂತಿದ್ದರು. ಕೊನೆಗೆ ಚಿಲಕ ಸರಿಯಿತು. ಅಪ್ಪನ ಮುಖದಲ್ಲಿ ನಾನೆಂದೂ ಕಾಣದ ನೆಮ್ಮದಿ.

ಹೊರಗಿನಿಂದ ಯಾರೋ ಕೂಗಿದರು. "ನಂಜಪ್ಪಾರೆ, ಆಯ್ತಾ?"

"ನನ್ಯಾಕ್ ಕೇಳೀರಿ?" ಎಂದರು ಅಪ್ಪ, ಪಂಚೆ ಸರಿಮಾಡಿಕೊಳ್ಳುತ್ತಾ. "ಊರಿಗೆಲ್ಲ ಸಾರೋ ಕೆಲ್ಸ ನಮ್ಮ ಹುಡ್ಗಂದು."

ಬೀದಿ ನನಗಾಗಿ ಕಾಯುತ್ತಿತ್ತು. ನಾನು ಜಗಲಿಗೆ ಬಂದು ಗಂಟಲು ಸರಿಮಾಡಿಕೊಂಡೆ.

"ಆಯ್ತಂತೆ."