ನೃತ್ಯಶಾಲೆಯ ಗೋಡೆಗನ್ನಡಿಯವರಿಗೆ, ಎಡಬಲದ ವಿಷಯವಾಗಿ

ಮಾನ್ಯರೇ,

ನೆಲದಿಂದ ಸೂರಿನವರೆಗೆ ಒಂದೇ ಗಾಜಾಗಿ ನಿಂತು, ವರ್ಷಕ್ಕೊಂದು ದಿನವೂ ರಜೆ ಹಾಕದೆ, ಊರಿನ ಅರ್ಧದಷ್ಟು ಮಕ್ಕಳ ಡೊಂಕು ಮೊಣಕಾಲುಗಳನ್ನು ನೋಡಿಯೂ ಒಂದು ಮಾತನ್ನೂ ಹೊರಗೆ ಬಿಡದೆ ಇಟ್ಟುಕೊಂಡಿರುವ ತಮಗೆ, ಬಾಗಿಲಾಚೆಯ ಮರದ ಬೆಂಚಿನಿಂದ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಬಲ ಮೂಲೆಯ ಬಿರುಕು (ತಮ್ಮ ಬಲವೋ ನನ್ನ ಬಲವೋ ಎಂಬ ವಿಚಾರಕ್ಕೆ ಆಮೇಲೆ ಬರುತ್ತೇನೆ, ಈ ಪತ್ರದ ಗೋಳೇ ಅದು) ಮುಂದಕ್ಕೆ ಹಬ್ಬಿಲ್ಲವೆಂದೂ ನಂಬಿದ್ದೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ದೂರಿನ ಪತ್ರವನ್ನು ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಿ ‘ಅಂಡ್ ಒಬ್ಲೈಜ್’ ಎಂದು ಮುಗಿಸಬೇಕೆಂದು ಕಲಿಸಿದ್ದರು. ನಡುವೆ ಏನು ಬರೆಯಬೇಕೆಂದು ಹೇಳಿಕೊಟ್ಟ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ. ಆದ್ದರಿಂದ ನಡುವಿನದು ಕನ್ನಡದಲ್ಲಿದೆ.

ದೂರು ಇಷ್ಟೇ. ಒಂಬತ್ತು ವರ್ಷದ ನನ್ನ ಮಗಳು ಮೂರನೇ ಗ್ರೇಡಿನ ನೃತ್ಯ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಇದೇ ತಿಂಗಳ ಕೊನೆಯ ಶನಿವಾರ ಅವಳಿಗೆ ಮರುಪರೀಕ್ಷೆ. ಅದರಲ್ಲೂ ಆಗದಿದ್ದರೆ ಅವಳ ಜೊತೆಯವರು ಮೇಲಿನ ಕೋಣೆಗೆ ಹೋಗುತ್ತಾರೆ, ಅವಳು ಮೂಗು ಸೋರುವ ಪುಟಾಣಿಗಳ ಸಾಲಿನಲ್ಲಿ ಇನ್ನೊಂದು ವರ್ಷ ನಿಲ್ಲಬೇಕು. ಇದಕ್ಕೆಲ್ಲ ತಾವೇ ಕಾರಣ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನೂ ಕುಣಿಯಲಾರದವನೇ, ಆದರೆ ನೆಲದ ಮೇಲೆ ನನಗೆ ಯಾವ ಹಗೆಯೂ ಇಲ್ಲದ್ದರಿಂದ ಗೋಡೆಯನ್ನು ಹಿಡಿದುಕೊಂಡಿದ್ದೇನೆ.

ನನ್ನ ಪರಿಚಯ ತಮಗೆ ಅರ್ಧ ಇದೆ, ಯಾಕೆಂದರೆ ಬಾಗಿಲ ಸಂದಿನಿಂದ ತಮಗೆ ಕಾಣುವುದು ನನ್ನ ಒಂದು ಕಣ್ಣು ಮತ್ತು ಒಂದು ಕಿವಿ. ಉಳಿದದ್ದನ್ನು ಹೇಳಿಬಿಡುತ್ತೇನೆ. ನಾನು ರಬ್ಬರ್ ಸ್ಟಾಂಪ್ ಮಾಡುವವನು. ಮೂವತ್ತು ವರ್ಷಗಳಿಂದ ಅಕ್ಷರಗಳನ್ನು ಉಲ್ಟಾ ಕೊರೆದು ಹೊಟ್ಟೆ ಹೊರೆದಿದ್ದೇನೆ. ನಾನು ಉಲ್ಟಾ ಕೊರೆದರೆ ಮಾತ್ರ ಲೋಕಕ್ಕೆ ನೇರ ಕಾಣುತ್ತದೆ ಎಂಬ ಒಂದೇ ಒಂದು ತತ್ವ ನನ್ನದು. ‘ಸ್ವೀಕರಿಸಿದೆ’, ‘ತಿರಸ್ಕರಿಸಿದೆ’, ‘ಮೂಲದೊಡನೆ ಹೋಲಿಸಿ ನೋಡಿದೆ’ ಎಂದು ಈ ಊರಿನ ಕಚೇರಿಗಳು ಕುಟ್ಟುವ ಮೊಹರುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯವು. ತಮ್ಮ ನೃತ್ಯಶಾಲೆಯ ‘ಉತ್ತೀರ್ಣ’ ಮತ್ತು ‘ಮರುಪರೀಕ್ಷೆ’ ಎಂಬ ಎರಡು ಮೊಹರುಗಳೂ ನನ್ನವೇ. ಹಿಡಿಗೆ ಒಳ್ಳೆಯ ಮರ ಹಾಕಿಕೊಟ್ಟಿದ್ದೇನೆ. ಇಂಥ ಮನುಷ್ಯನೊಬ್ಬ ಎಡಬಲದಲ್ಲಿ ಎಡವಿದನೆಂದರೆ, ಈಜು ಮೇಷ್ಟ್ರು ಬಕೆಟ್ಟಿನಲ್ಲಿ ಮುಳುಗಿದ ಹಾಗೆ.

ನೃತ್ಯದ ಖಾತೆ ಮೊದಲು ನನ್ನದಾಗಿರಲಿಲ್ಲ. ಅದು ನನ್ನ ಹೆಂಡತಿಯದು. ಅದೇ ಬೆಂಚಿನ ಮೇಲೆ, ಅದೇ ಸಂದಿಗೆ ಮುಖ ಮಾಡಿ, ನೀಲಿ ಸ್ವೆಟರ್ ಹಾಕಿಕೊಂಡು ಅವಳು ಎರಡು ವರ್ಷ ಕೂತಳು. ಜನ್ಮದಲ್ಲಿ ಒಂದು ಹೆಜ್ಜೆ ಕುಣಿಯದವಳು, ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಇಡೀ ಪಾಠವನ್ನು ಒಪ್ಪಿಸುತ್ತಿದ್ದಳು, ಮಗಳು ಹಿಂದಿನಿಂದ ಕುಣಿಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ಊಟ ಯಾವಾಗ ಎಂದು ಕೇಳುತ್ತಿದ್ದೆ. ಅವಳು ಹೋದ ಮೇಲೆ ಆ ಚೀಲ, ಆ ಪಿನ್ನುಗಳ ಡಬ್ಬಿ, ಆ ಬೆಂಚಿನ ಜಾಗ ಎಲ್ಲವೂ ವಂಶಪಾರಂಪರ್ಯವಾಗಿ ನನಗೆ ಬಂದವು. ಮೊದಲ ವಾರ ಎರಡೂ ಎಡಗಾಲಿನ ಶೂ ಒಯ್ದಿದ್ದೆ. ಅದನ್ನು ಎಚ್ಚರಿಕೆಯೆಂದು ತಿಳಿಯಬೇಕಿತ್ತು. ಬೆಂಚಿನ ಮೇಲಿನ ತಾಯಂದಿರು ನಕ್ಕರು, ನಾನು ಅದನ್ನು ಸ್ವಾಗತವೆಂದು ತಿಳಿದೆ.

ಇನ್ನು ಘಟನೆಗೆ ಬರುತ್ತೇನೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಮಗಳಿಗೆ ಚಿಕನ್ ಪಾಕ್ಸ್ ಬಂತು. ಪರೀಕ್ಷೆಯ ಹೊಸ ನೃತ್ಯವನ್ನು ಕಲಿಸುವ ಮೂರು ವಾರಗಳೇ ಸರಿಯಾಗಿ ತಪ್ಪಿಹೋದವು. ಟೀಚರಮ್ಮ ಫೋನಿನಲ್ಲಿ, ಪರವಾಗಿಲ್ಲ, ಮುಂದಿನ ವರ್ಷ ಪರೀಕ್ಷೆಗೆ ಕೂರಿಸೋಣ ಎಂದರು. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿ, “ಅಮ್ಮ ಇದ್ದಿದ್ರೆ ನೋಡ್ಕೊಂಡು ಬಂದು ಹೇಳ್ಕೊಡ್ತಿದ್ಳು” ಎಂದಳು. ಅದು ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ಆದರೂ ನಾನು, ಅದೇನು ಮಹಾ, ನಾನೇ ನೋಡಿಕೊಂಡು ಬರುತ್ತೇನೆ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಹೋಯಿತು. ನನ್ನ ಅಕ್ಕ ಬಂದು ಮಗಳ ಪಕ್ಕ ಕೂತಳು, ಕೂತವಳು ಸುಮ್ಮನಿರದೆ, ಮದುವೆಯಲ್ಲಿ ಏಳು ಹೆಜ್ಜೆ ನೆಟ್ಟಗೆ ಇಡಲಾರದೆ ಅವರಿವರ ಕಾಲು ತುಳಿದವನು ನೀನು ಎಂದು ನೆನಪಿಸಿದಳು. ನಾನು ಆರ್ಡರ್ ಪುಸ್ತಕ ಬಗಲಿಗೆ ಸಿಕ್ಕಿಸಿಕೊಂಡು ಬೆಂಚಿಗೆ ಹೊರಟೆ.

ಪೋಷಕರು ಒಳಗೆ ಇಣುಕಬಾರದೆಂಬ ಫಲಕ ಬಾಗಿಲ ಮೇಲಿರುವುದು ತಮಗೆ ಗೊತ್ತು. ಟೀಚರಮ್ಮ ಕರುಣೆಯಿಂದ, ಗಾಳಿಗೆ ಎಂಬ ನೆಪದಲ್ಲಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟರು. ಆ ಗೇಣಿನಿಂದ ನೋಡಿದರೆ ಚಪ್ಪಲಿ ಕಪಾಟು ಮಕ್ಕಳನ್ನೆಲ್ಲ ಮರೆಮಾಡುತ್ತದೆ, ಎದುರುಗೋಡೆಯ ತಾವೊಬ್ಬರೇ ಕಾಣುತ್ತೀರಿ, ತಮ್ಮೊಳಗೆ ಮಕ್ಕಳು ಕಾಣುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನನ್ನ ಹೆಂಡತಿಗೂ ಕಂಡದ್ದು ಇಷ್ಟೇ. ಆದರೆ ಅವಳಿಗಿಲ್ಲದ ಒಂದು ಸೌಭಾಗ್ಯ ನನಗಿತ್ತು, ನಾನು ಓದಿದವನು. ಕಾಲೇಜಿನಲ್ಲಿ ಬೆಳಕಿನ ಪಾಠದಲ್ಲಿ ‘ಲ್ಯಾಟರಲ್ ಇನ್ವರ್ಷನ್’ ಎಂಬ ಎರಡು ಭಾರಿ ಪದಗಳಿದ್ದವು. ಪಾಠ ಮರೆತಿತ್ತು, ಪದಗಳು ಉಳಿದಿದ್ದವು. ಕನ್ನಡಿ ಎಲ್ಲವನ್ನೂ ಉಲ್ಟಾ ತೋರಿಸುತ್ತದೆ, ಸಾಮಾನ್ಯರು ಮೋಸಹೋಗುತ್ತಾರೆ, ನಾನು ಹೋಗುವವನಲ್ಲ ಎಂದುಕೊಂಡು, ತಾವು ಬಲಗಡೆ ತೋರಿಸಿದ್ದನ್ನೆಲ್ಲ ಎಡವೆಂದೂ ಎಡಗಡೆ ತೋರಿಸಿದ್ದನ್ನೆಲ್ಲ ಬಲವೆಂದೂ ತಿದ್ದಿ ತಿದ್ದಿ ಬರೆದುಕೊಂಡೆ. ಆರ್ಡರ್ ಪುಸ್ತಕದಲ್ಲಿ ಸಹಕಾರ ಸಂಘವೊಂದರ ಕಾರ್ಯದರ್ಶಿಯ ಮೊಹರಿನ ಅಳತೆಯ ಪಕ್ಕದಲ್ಲಿ ಈಗಲೂ ‘ಎಡಗಾಲು ಚಾಚು, ಎರಡು ಎಣಿಸು, ಎಡಕ್ಕೇ ಬಾಗು’ ಎಂದಿದೆ. ಬರೆಯುವಾಗ ನನ್ನ ಮುಖದಲ್ಲಿ ಎಂಥ ತೇಜಸ್ಸಿತ್ತೆಂಬುದಕ್ಕೆ ತಾವೇ ಸಾಕ್ಷಿ. ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಎನ್ನುತ್ತಾರೆ. ನಾನು ಅದನ್ನು ಕಟ್ಟಿಕೊಂಡು ಮನೆಗೇ ತಂದೆ.

ಜ್ವರ ಇಳಿದ ಮೇಲೆ ಮನೆಯ ಮುಂಭಾಗದ ಅಂಗಡಿಯಲ್ಲಿ, ಕೆಲಸದ ಮೇಜಿಗೂ ಅಕ್ಷರಗಳ ಕಪಾಟಿಗೂ ನಡುವಿನ ಆರಡಿ ಜಾಗದಲ್ಲಿ ನಮ್ಮ ಅಭ್ಯಾಸ ಸಾಗಿತು. ನಾನು ಓದುತ್ತಿದ್ದೆ, ಅವಳು ಮಾಡುತ್ತಿದ್ದಳು, ಎಲ್ಲಿ ಅರ್ಥವಾಗದೋ ಅಲ್ಲಿ ನಾನೇ ಮಾಡಿ ತೋರಿಸುತ್ತಿದ್ದೆ. ವಕೀಲರೊಬ್ಬರು ಮೊಹರಿಗೆಂದು ಬಂದಾಗ ನಾನು ಒಂಟಿಕಾಲಿನಲ್ಲಿ, ಕೈ ಮೇಲೆತ್ತಿ, ಗಲ್ಲ ಎತ್ತರಿಸಿ ನಿಂತಿದ್ದೆ. ಅವರು ಕುರ್ಚಿ ಎಳೆದುಕೊಂಡು, “ಮುಗಿಸಿ, ನನಗೇನೂ ಅವಸರವಿಲ್ಲ” ಎಂದರು. ಮಗಳು ನಕ್ಕಳು. ಅವಳಮ್ಮ ಹೋದ ಮೇಲೆ ಆ ಅಂಗಡಿಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ. ಹೀಗಾಗಿ ಅವಳನ್ನು ನಗಿಸಲೆಂದು ನಾಲ್ಕು ಸಲ ಬೇಕೆಂದೇ ಬಿದ್ದೆ. ಒಂದು ಸಲ ಬೇಡವೆಂದರೂ ಬಿದ್ದೆ.

ಪರೀಕ್ಷೆಯ ಹಿಂದಿನ ದಿನ ಉಳಿದಿದ್ದ ಒಂದೇ ತರಗತಿಯನ್ನು ಕೋಣೆ ಸಜ್ಜುಗೊಳಿಸಲೆಂದು ರದ್ದು ಮಾಡಿದರು. ಆದ್ದರಿಂದ ನನ್ನ ಪಾಂಡಿತ್ಯವನ್ನು ತಡೆಯುವವರು ಯಾರೂ ಇರಲಿಲ್ಲ. ಪರೀಕ್ಷೆಯ ದಿನ ತಮಗೆ ಬಿಳಿ ಪರದೆ ಹಾಕಿದ್ದರು, ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕಲು ಮಾಡಬಾರದೆಂದು. ಪರವೂರಿನಿಂದ ಬಂದ ಪರೀಕ್ಷಕಿ ಗಂಟೆ ಅಲ್ಲಾಡಿಸಿದರು, ಮೂವರು ಹುಡುಗಿಯರು ಎದೆಗೆ ನಂಬರು ಚುಚ್ಚಿಕೊಂಡು ಒಳಗೆ ಹೋದರು, ಬಾಗಿಲು ಈ ಸಲ ಒಂದು ಗೇಣೂ ಬಿಡದೆ ಮುಚ್ಚಿತು. ನಾನು ಹೊರಗೆ ಕೂತು ತಾಳ ಎಣಿಸುತ್ತಾ, ನನ್ನ ಕಾಲುಗಳನ್ನು ಬೆಂಚಿನ ಕೆಳಗೆ ಚಾಚುತ್ತಾ ಬಾಗುತ್ತಾ ಇದ್ದೆ. ಮಗಳು ಹೊರಬಂದಾಗ ಕೆನ್ನೆ ಕೆಂಪಾಗಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ, “ಅಪ್ಪ, ಪಾಪ ಅವರಿಬ್ರೂ ತಪ್ಪು ಮಾಡಿದ್ರು. ಮೊದಲಿಂದ ಕೊನೇವರೆಗೂ ಉಲ್ಟಾ” ಎಂದಳು. ಪಕ್ಕದಲ್ಲಿ ಕುಣಿದ ಹಲ್ಲುಕಂಬಿಯ ಹುಡುಗಿಗೆ ಅದನ್ನು ಹೇಳಿಯೂ ಬಂದಿದ್ದಳು. ನಾನು ಆ ಹುಡುಗಿಯ ತಂದೆಯನ್ನು ಕರುಣೆಯಿಂದ ನೋಡಿದೆ. ದೇವರಾಣೆ ಹೇಳುತ್ತೇನೆ, ಕರುಣೆಯಿಂದ ನೋಡಿದೆ.

ಐದು ವಾರಗಳ ನಂತರ ಕಾರ್ಡು ಬಂತು. ಪರೀಕ್ಷಕಿ ಚಿಕ್ಕ ಅಕ್ಷರಗಳಲ್ಲಿ ಬರೆದಿದ್ದರು: ಲಯ ಉತ್ತಮ, ಭಂಗಿ ಉತ್ತಮ, ಆತ್ಮವಿಶ್ವಾಸ ಅಪಾರ, ದಿಕ್ಕು ಆದ್ಯಂತ ವಿರುದ್ಧ. ಕೆಳಗೆ ‘ಮರುಪರೀಕ್ಷೆ’ ಎಂಬ ಮೊಹರು. ಅಕ್ಷರ ಬಹಳ ಚೆನ್ನಾಗಿ ಮೂಡಿತ್ತು, ಒತ್ತಕ್ಷರದ ತುದಿ ಕೂಡ ಎಲ್ಲೂ ಕದಡಿರಲಿಲ್ಲ. ಬೆಂಚಿನ ಮಹಾಸಭೆ ಸೇರಿ, ತಪ್ಪು ಟೀಚರಮ್ಮನದೆಂದು ಒಬ್ಬರು, ಪರೀಕ್ಷಕಿಯದೆಂದು ಒಬ್ಬರು, ಚಿಕನ್ ಪಾಕ್ಸಿನದೆಂದು ಇನ್ನೊಬ್ಬರು ತೀರ್ಪು ಕೊಟ್ಟರು. ಬೆಂಚಿನವರ ಮಕ್ಕಳಿಗೆ ಯಾವ ಪರೀಕ್ಷೆಯಲ್ಲಿ ಕಡಿಮೆ ಬಂದರೂ ತಪ್ಪು ಬೆಂಚಿನಾಚೆ ಎಲ್ಲೋ ಇರುತ್ತದೆ. ನಾನಂತೂ ಕುಳಿತಲ್ಲೇ ತಮ್ಮ ಕಡೆ ಬೆರಳು ತೋರಿಸಿದೆ. ತಾವೂ ತಕ್ಷಣ ನನ್ನ ಕಡೆ ಬೆರಳು ತೋರಿಸಿದಿರಿ. ಆಗಲೇ ಅರ್ಥವಾಗಬೇಕಿತ್ತು.

ಅರ್ಥವಾದದ್ದು ಮರುದಿನ ಬೆಳಿಗ್ಗೆ, ಬಚ್ಚಲಿನಲ್ಲಿ. ಕಾರ್ಡಿನ ವಿಷಯ ಮಗಳಿಗೆ ಇನ್ನೂ ಹೇಳಿರಲಿಲ್ಲ. ಬಲಗೈಯಲ್ಲಿ ತಲೆ ಬಾಚುತ್ತಿದ್ದೆ, ಅಂಗೈ ಹಿಂಬದಿಯಲ್ಲಿ ಹಿಂದಿನ ದಿನ ಪರೀಕ್ಷಿಸಲೆಂದು ಒತ್ತಿಕೊಂಡಿದ್ದ ಮೊಹರಿನ ಗುರುತಿತ್ತು. ಕನ್ನಡಿಯಲ್ಲಿ ಅಕ್ಷರ ತಿರುಗಿತ್ತು. ಕೈ ಮಾತ್ರ ತಿರುಗಿರಲಿಲ್ಲ, ಬಲಗಡೆಯೇ ಇತ್ತು, ಬಲಗಡೆಯೇ ಬಾಚುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಮಾಡಿದ್ದರೆ ಸಾಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ನನ್ನಂಥವನಿಗೆ ಬೇಕು ಸ್ವಾಮೀ, ಎರಡೆರಡು ಬೇಕು. ನನ್ನ ಹೆಂಡತಿ ಯಾವ ಇನ್ವರ್ಷನ್ನನ್ನೂ ಓದಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಒಪ್ಪಿಕೊಂಡು ಮನೆಗೆ ತರುತ್ತಿದ್ದಳು. ನನ್ನನ್ನೂ ಹಾಗೆಯೇ ಒಪ್ಪಿಕೊಂಡಿದ್ದಳು. ನಾನು ಅದನ್ನೂ ಅವಳ ಅಜ್ಞಾನವೆಂದು ತಿಳಿದಿದ್ದೆ.

ಮಗಳಿಗೆ ಹೇಳಿದೆ. ಹೇಳುವ ಮೊದಲು ಒಂದು ಗಂಟೆ ಅಂಗಡಿ ಗುಡಿಸಿದೆ. ಅವಳು ನಂಬಲಿಲ್ಲ, ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಒಂದೊಂದೇ ಕೈ ಎತ್ತಿ ನೋಡಿ ಬಂದಳು. ಬೈಯುತ್ತಾಳೆಂದು ಕಾದೆ, ಇನ್ನು ನಿನ್ನ ಹತ್ತಿರ ಕಲಿಯುವುದಿಲ್ಲ ಎನ್ನುತ್ತಾಳೆಂದು ಕಾದೆ. ಅವಳು ಶೂ ಹುಡುಕುತ್ತಾ, “ನಾನು ಅವಳಿಗೆ ನೀನು ತಪ್ಪು ಅಂದ್ಬಿಟ್ನಲ್ಲಪ್ಪ” ಎಂದಳು. ಶೂ ಹಾಕಿಕೊಂಡು ನೇರ ಹಲ್ಲುಕಂಬಿಯ ಹುಡುಗಿಯ ಮನೆಗೆ ಹೋಗಿ, ಬಾಗಿಲಲ್ಲೇ ಸಾರಿ ಹೇಳಿ ಬಂದಳು. ಜೊತೆಗೆ ಹೋಗಿದ್ದ ನಾನೂ ವಾಪಸು ದಾರಿಯಲ್ಲಿ ಮಗಳಿಗೆ ಸಾರಿ ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, “ನನ್ಗೆ ಯಾಕೆ? ಕನ್ನಡಿ ಸರಿಯಾಗೇ ತೋರಿಸ್ತಲ್ಲ, ಅದಕ್ಕೆ ಹೇಳು” ಎಂದಳು. ಹುಡುಗಾಟಕ್ಕೆ ಹೇಳಿದಳೋ ನಿಜಕ್ಕೇ ಹೇಳಿದಳೋ ತಿಳಿಯಲಿಲ್ಲ. ಅವಳಮ್ಮನ ಮಾತುಗಳೂ ಹೀಗೆಯೇ ಇರುತ್ತಿದ್ದವು.

ಹೀಗೆ ದೂರೆಂದು ಹೊರಟ ಈ ಪತ್ರ ದಾರಿಯಲ್ಲಿ ಎಲ್ಲೋ ತಿರುಗಿಕೊಂಡಿದೆ. ಆದರೂ ದೂರುದಾರನ ಹಕ್ಕಿನಿಂದ ಒಂದೆರಡು ಬೇಡಿಕೆ ಇಡುತ್ತೇನೆ. ಮರುಪರೀಕ್ಷೆಯ ದಿನವೂ ತಮಗೆ ಪರದೆ ಹಾಕುತ್ತಾರೆ. ದಯವಿಟ್ಟು ಅದರ ಹಿಂದೆಯೂ ನೋಡುವುದನ್ನು ನಿಲ್ಲಿಸಬೇಡಿ, ಅವಳು ಈ ಸಲ ಬಲದಿಂದಲೇ ಆರಂಭಿಸುತ್ತಾಳೆ. ಇನ್ನೊಂದು, ಇದು ಸ್ವಲ್ಪ ಕಷ್ಟದ್ದು. ತಮ್ಮ ಹಳೆಯ ಕಡತಗಳಲ್ಲಿ ಬಾಗಿಲ ಸಂದಿನ ನೀಲಿ ಸ್ವೆಟರಿನ ಎರಡು ವರ್ಷಗಳಿರಬೇಕು. ಅವುಗಳದೊಂದು ಅಟೆಸ್ಟೆಡ್ ಟ್ರೂ ಕಾಪಿ ದಯಪಾಲಿಸಲು ಸಾಧ್ಯವೇ? ಮೊಹರು ನಾನೇ ಮಾಡಿಕೊಡುತ್ತೇನೆ. ಸಾಧ್ಯವಿಲ್ಲವೆಂದರೆ ಅದರ ಮೊಹರೂ ನನ್ನ ಬಳಿ ಇದೆ.

ಅಭ್ಯಾಸ ಮತ್ತೆ ಶುರುವಾಗಿದೆ. ಮಗಳು ನನ್ನಿಂದ ‘ಎಡ’, ‘ಬಲ’ ಎಂಬ ಎರಡು ಪುಟ್ಟ ಮೊಹರು ಮಾಡಿಸಿಕೊಂಡಿದ್ದಾಳೆ. ಪ್ರತಿದಿನ ಆರಡಿ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ನನ್ನ ಎರಡೂ ಕೈಗಳ ಮೇಲೆ ಶಾಯಿ ಹಚ್ಚಿ ಒತ್ತಿ, ಆಮೇಲೆ ಪುಸ್ತಕ ಓದಲು ಅಪ್ಪಣೆ ಕೊಡುತ್ತಾಳೆ. ಈ ಪತ್ರವನ್ನು ‘ಬಲ’ ಬರೆಯುತ್ತಿದೆ, ‘ಎಡ’ ಕಾಗದ ಹಿಡಿದಿದೆ. ಅಂಡ್ ಒಬ್ಲೈಜ್.

ಎಡಬಲಗಳೆರಡರಿಂದಲೂ ಕೈಮುಗಿಯುವ,
ತಮ್ಮ ವಿಶ್ವಾಸಿ,
ಬಾಗಿಲ ಸಂದಿನ ಒಂಟಿಕಣ್ಣು

ಮರೆತ ಮಾತು: ಕೆಳಗೆ ಒತ್ತಿರುವುದು ಮೂವತ್ತು ವರ್ಷಗಳಲ್ಲಿ ನಾನು ಉಲ್ಟಾ ಮಾಡದೆ ನೇರವಾಗಿ ಕೊರೆದ ಮೊದಲ ಮೊಹರು. ಕಾಗದದ ಮೇಲೆ ತಿರುಗಿ ಬಿದ್ದಿದೆ, ಯಾರಿಗೂ ಓದಲಾಗದು, ತಮಗೆ ಮಾತ್ರ ‘ತಪ್ಪು ನನ್ನದೇ’ ಎಂದು ಸ್ಪಷ್ಟವಾಗಿ ಕಾಣುತ್ತದೆ. ಇದು ಬಹಿರಂಗ ಪತ್ರವಾದ್ದರಿಂದ ಬೆಂಚಿನ ಮಹನೀಯರು, ಮಹಿಳೆಯರು ಅದರಲ್ಲೇನಿದೆ ಎಂದು ಕೇಳಿಯೇ ಕೇಳುತ್ತಾರೆ. ಅವರವರ ಮನೆಯ ಕನ್ನಡಿಗೆ ಹಿಡಿದು ಓದಿಕೊಳ್ಳಲಿ. ಓದುವಾಗ ಆ ಎರಡು ಪದಗಳ ಮೇಲ್ಗಡೆ ಯಾರ ಮುಖ ಕಂಡರೂ, ಅದಕ್ಕೆ ಮೊಹರು ಮಾಡಿದವನು ಹೊಣೆಯಲ್ಲ.